ಹೊಗೆಯ ಕಾನೂನು ಮತ್ತು ಮಿಸ್ ಹೊಡೆಯುವ ಇಂಜಿನ್ನು

ಸಿಗ್ನಲ್ಲಿನಲ್ಲಿ ನಿಂತಾಗ ಗಡಗಡ ನಡುಗುವ, ಏರು ಬಂದರೆ ಎಳೆಯಲಾರದ ಕಾರಿನ ದೋಷ ಹುಡುಕುವ ವಿದ್ಯೆ ಕಳೆದ ಮೂವತ್ತೈದು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಕಿವಿ, ಕಣ್ಣು, ಬೆರಳುಗಳಿಂದ ನಡೆಯುತ್ತಿದ್ದ ಕೆಲಸ ಈಗ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುವುದರಿಂದ ಶುರುವಾಗುತ್ತದೆ. ತಂತ್ರಜ್ಞಾನ ಬೆಳೆಯಿತು, ಗ್ಯಾರೇಜು ಅದರ ಹಿಂದೆ ನಡೆಯಿತು ಎಂಬುದು ಇದಕ್ಕೆ ಎಲ್ಲರೂ ಕೊಡುವ ಕಾರಣ. ಪುಣೆಯ ಮೋಟಾರು ಚರಿತ್ರೆಯನ್ನು ತಾರೀಖುಗಳ ಸಮೇತ ಜೋಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಗ್ಯಾರೇಜಿನ ಪರೀಕ್ಷಾವಿಧಾನವನ್ನು ಬದಲಿಸಿದ್ದು ರಿಪೇರಿಯ ಅಗತ್ಯವಲ್ಲ, ಹೊಗೆಯ ಮೇಲಿನ ಕಾನೂನು. ಹಾಗಾಗಿ ಇವತ್ತಿನ ಇಂಜಿನ್ನು ಬಾಯಿಬಿಟ್ಟು ಹೇಳುವುದು ಆ ಕಾನೂನು ಕೇಳಿದ ಪ್ರಶ್ನೆಗೆ ಉತ್ತರವನ್ನು ಮಾತ್ರ.

ಪುಣೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಇಂಜಿನ್ನು ತಯಾರಿಸುವವರು, ಅದನ್ನು ಪರೀಕ್ಷಿಸಿ ಒಪ್ಪಿಗೆಯ ಮುದ್ರೆ ಹಾಕುವವರು, ಕೆಟ್ಟಾಗ ಬಿಚ್ಚುವವರು ಮೂವರೂ ಒಂದೇ ಊರಿನಲ್ಲಿ ಇರುವುದು ನಮ್ಮ ದೇಶದಲ್ಲಿ ಅಪರೂಪ. ಇದರ ಒಂದು ಬೇರು ಬೆಳಗಾವಿಯ ಕಡೆಗೇ ಚಾಚಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಮಗ ಶಂತನುರಾವ್ 1946ರಲ್ಲಿ ಪುಣೆಯ ಖಡಕಿಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ಆರಂಭಿಸಿದರು. ಆಕುರ್ಡಿಯಲ್ಲಿ ಬಜಾಜ್ ಸ್ಕೂಟರು, ಪಿಂಪ್ರಿ-ಚಿಂಚವಡದಲ್ಲಿ ಟೆಲ್ಕೊ ಬಂದವು. 1966ರಲ್ಲಿ ವಾಹನೋದ್ಯಮವೂ ಕೇಂದ್ರ ಸರ್ಕಾರವೂ ಸೇರಿ ಆಟೋಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾ, ಅಂದರೆ ಎಆರ್‌ಎಐ, ಎಂಬ ಸಂಸ್ಥೆ ಕಟ್ಟಿದವು. ಕೋಥರೂಡಿನ ಬಳಿ ಅದು ಕೂತಿರುವ ವೇತಾಳ ಟೇಕಡಿಯನ್ನು ಊರಿನವರು ಈಗ ಎಆರ್‌ಎಐ ಗುಡ್ಡವೆಂದೇ ಕರೆಯುತ್ತಾರೆ. ಅತ್ತ ಹಳೆ ಪೇಟೆಯಲ್ಲಿ, ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳು.

ಕಾರ್ಬೊರೇಟರ್ ಕಾಲದ ವಿದ್ಯೆಯನ್ನು ಬರೀ ಅಂದಾಜು ಎಂದು ತಳ್ಳಿಹಾಕುವವರಿದ್ದಾರೆ. ಅದರ ತರ್ಕ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಐಡ್ಲಿಂಗಿನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಒಳಗೆ ಹೋಗುವ ಗಾಳಿ ಬಹಳ ಕಡಿಮೆ. ಆಗ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲೋ ಒಂದು ರಬ್ಬರ್ ಪೈಪಿನಲ್ಲೋ ಕೂದಲೆಳೆಯಷ್ಟು ಸೀಳಿದ್ದರೂ ಮಿಶ್ರಣ ಕೆಡುತ್ತದೆ. ಎಕ್ಸಿಲೇಟರ್ ಒತ್ತಿದ ಕೂಡಲೇ ಆ ಸೋರಿಕೆ ಲೆಕ್ಕಕ್ಕೆ ಬಾರದ ಹಾಗಾಗುತ್ತದೆ. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡರೆ, ಪಂಪು ಸೋತರೆ, ಸೈಲೆನ್ಸರಿನಲ್ಲಿ ಮಸಿ ತುಂಬಿದರೆ ಇದರ ಉಲ್ಟಾ: ನಿಂತಾಗ ಗಾಡಿ ಚೆನ್ನಾಗಿರುತ್ತದೆ, ಕಾತ್ರಜ್ ಘಾಟು ಹತ್ತುವಾಗ ಕೈಕೊಡುತ್ತದೆ. ನಿಂತಾಗಲೂ ಓಡುವಾಗಲೂ ಮಿಸ್ ಹೊಡೆದರೆ ದೋಷ ಕಿಡಿಯಲ್ಲೋ ಕಂಪ್ರೆಶನ್ನಿನಲ್ಲೋ ಇರುವ ಸಂಭವ ಹೆಚ್ಚು. ಆಮೇಲೆ ಒಂದೊಂದೇ ಪ್ಲಗ್ ವೈರು ಕಿತ್ತು ನೋಡುವುದು. ಯಾವ ವೈರು ಕಿತ್ತರೂ ಇಂಜಿನ್ನಿನ ಸದ್ದು ಇನ್ನಷ್ಟು ಕುಗ್ಗಬೇಕು. ಕಿತ್ತರೂ ಸದ್ದು ಹಾಗೇ ಉಳಿದರೆ ಆ ಸಿಲಿಂಡರು ಮೊದಲೇ ಸತ್ತಿದೆ ಎಂದರ್ಥ. ಬಿಚ್ಚಿದ ಪ್ಲಗ್ಗಿನ ತುದಿ ಕಂದು ಬಣ್ಣವಿದ್ದರೆ ಸರಿ, ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ವ್ಯಾಕ್ಯೂಮ್ ಗೇಜು ಇದ್ದವರು ಮುಳ್ಳಿನ ನಡಿಗೆ ನೋಡಿಯೇ ವಾಲ್ವು ಸುಟ್ಟಿದೆಯೇ ಎಂದು ಹೇಳಬಲ್ಲವರಾಗಿದ್ದರು. ಸಮುದ್ರಮಟ್ಟಕ್ಕೆ ಬರೆದ ಪುಸ್ತಕದ ಅಂಕಿಗಿಂತ ಎರಡು ಇಂಚಿನಷ್ಟು ಕಡಿಮೆ ತೋರಿಸಿದರೆ ಪುಣೆಯಲ್ಲಿ ಅದು ದೋಷವಲ್ಲ, ಊರು ಸುಮಾರು 560 ಮೀಟರ್ ಎತ್ತರದಲ್ಲಿದೆ. ಇದನ್ನೆಲ್ಲ ನಾನು ಊಹೆ ಎನ್ನಲಾರೆ. ಒಂದೊಂದೇ ಸಾಧ್ಯತೆಯನ್ನು ಹೊಡೆದುಹಾಕುತ್ತ ಕಾರಣದ ಬುಡಕ್ಕೆ ಹೋಗುವ ಶಿಸ್ತು ಅದರಲ್ಲಿತ್ತು.

ಇದರೊಳಗೆ ಸರ್ಕಾರದ ಕೈ ಬಂದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಂದ. ಐಡ್ಲಿಂಗಿನಲ್ಲಿರುವ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3ನ್ನು, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಲ್ಲಿ ಶೇ. 4.5ನ್ನು ದಾಟಬಾರದೆಂದು 115ನೇ ನಿಯಮ ಹೇಳಿತು. ಹೊಗೆಯನ್ನು ಐಡ್ಲಿಂಗಿನಲ್ಲೇ ಅಳೆಯಬೇಕೆಂದು ಕಾನೂನು ಹೇಳಿದ್ದನ್ನು ಗಮನಿಸಬೇಕು. ರಸ್ತೆ ಬದಿಯಲ್ಲಿ ಇಂಜಿನ್ನಿನ ಮೇಲೆ ಭಾರ ಹೇರಿ ಅಳೆಯಲಾಗದು. ನಿಂತ ಗಾಡಿಯ ಸೈಲೆನ್ಸರಿಗೆ ನಳಿಕೆ ತೂರಿಸುವುದು ಸುಲಭ. ಹೀಗೆ ಮೆಕ್ಯಾನಿಕ್ಕಿನ ಕಿವಿ ಕೇಳುತ್ತಿದ್ದ ಅದೇ ಘಳಿಗೆಗೆ ಮೊದಲ ಬಾರಿ ಒಂದು ಅಂಕಿ ಬಂತು. ಅದರ ಲಾಭವನ್ನು ಅಲ್ಲಗಳೆಯಬಾರದು. ನಡುಗುವ ಇಂಜಿನ್ನಿಗೆ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ, ಐಡ್ಲಿಂಗ್ ಏರಿಸಿ, ದೋಷವನ್ನು ಪೆಟ್ರೋಲಿನಡಿ ಮುಚ್ಚಿಡುವ ಚಾಳಿ ಗ್ಯಾರೇಜುಗಳಲ್ಲಿ ಇದ್ದೇ ಇತ್ತು. ಯಂತ್ರ ಅದನ್ನು ಬಯಲಿಗೆಳೆಯಿತು. ಆದರೆ ಅದೇ ಸ್ಕ್ರೂವನ್ನು ಇತ್ತ ತಿರುಗಿಸಿ ಸರ್ಟಿಫಿಕೇಟು ಪಡೆದು, ಹೊರಬಂದ ಮೇಲೆ ಮತ್ತೆ ಅತ್ತ ತಿರುಗಿಸುವುದನ್ನೂ ಜನ ಕಲಿತರು. ಅಂಕಿ ಹೊಗೆಯ ಬಗ್ಗೆ ಹೇಳುತ್ತಿತ್ತು, ಇಂಜಿನ್ನಿನ ಆರೋಗ್ಯದ ಬಗ್ಗೆ ಅಲ್ಲ.

ಕಾರ್ಬೊರೇಟರನ್ನು ಹೊರಹಾಕಿ ಇಂಜೆಕ್ಷನ್ ತಂದದ್ದೂ ಹೊಗೆಯ ಕಾನೂನೇ. ಇಂಜೆಕ್ಷನ್ ಇಂಜಿನ್ನು ಹೇಗೂ ಬರುತ್ತಿತ್ತು, ಮೈಲೇಜಿಗಾಗಿ ಗಿರಾಕಿಗಳೇ ಕೇಳುತ್ತಿದ್ದರು, ಕಾನೂನಿಗೆ ಯಾಕೆ ಇಷ್ಟು ಶ್ರೇಯಸ್ಸು ಎಂದು ಯಾರಾದರೂ ಕೇಳಬಹುದು. ಬಾಷ್ ಕಂಪನಿ ಎಲೆಕ್ಟ್ರಾನಿಕ್ ಪೆಟ್ರೋಲ್ ಇಂಜೆಕ್ಷನ್ನನ್ನು ಮಾರುಕಟ್ಟೆಗೆ ತಂದದ್ದು 1967ರಲ್ಲಿ. ಅದರ ಭಾರತೀಯ ಸಂಸ್ಥೆ ಮೈಕೋ ಹುಟ್ಟಿದ್ದು 1951ರಲ್ಲೇ. ಬೆಂಗಳೂರಿನ ಆಡುಗೋಡಿಯಲ್ಲಿ ಅದು ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡುತ್ತಿತ್ತು. ತಂತ್ರಜ್ಞಾನ ಮನೆ ಬಾಗಿಲಲ್ಲಿದ್ದರೂ ಮೂರು ದಶಕ ಒಳಗೆ ಬರಲಿಲ್ಲ. 1990ರ ದಶಕದ ನಡುವೆ ಬಂದ ಕೆಲವು ದುಬಾರಿ ಕಾರುಗಳಲ್ಲಿ ಅದಿತ್ತು, ನಿಜ. ಜನಸಾಮಾನ್ಯರ ಸಣ್ಣ ಕಾರುಗಳಿಗೆ ಬಂದದ್ದು ಮಾತ್ರ 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶಕ್ಕೆ ಯೂರೊ ಮಾನದಂಡಗಳ ಗಡುವು ಹಾಕಿದ ಆಸುಪಾಸಿನಲ್ಲಿ. ಅನಂತರ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ನಡೆಸಿದ್ದ ಆರ್. ಎ. ಮಾಶೇಲ್ಕರ್ ಅವರ ಸಮಿತಿ ಇಂಧನ ನೀತಿಯ ದಾರಿ ಹಾಕಿಕೊಟ್ಟಿತು. 2005ರಲ್ಲಿ ಭಾರತ್ ಸ್ಟೇಜ್ 3 ಮೊದಲು ಜಾರಿಯಾದ ನಗರಗಳಲ್ಲಿ ಬೆಂಗಳೂರಿನ ಜೊತೆ ಪುಣೆಯೂ ಇತ್ತು. ದ್ವಿಚಕ್ರಗಳ ಕಥೆ ಇನ್ನೂ ಸ್ಪಷ್ಟ: ಪುಣೆಯ ಬೀದಿ ತುಂಬಿರುವ ಸ್ಕೂಟರು ಬೈಕುಗಳಲ್ಲಿ ಹೆಚ್ಚಿನವು 2020ರ ಏಪ್ರಿಲ್‌ನ ಭಾರತ್ ಸ್ಟೇಜ್ 6ರವರೆಗೆ ಕಾರ್ಬೊರೇಟರಿನಲ್ಲೇ ಓಡಿದವು.

ಕಾರಿನೊಳಗೇ ದೋಷ ಪತ್ತೆಮಾಡುವ ಒಬಿಡಿ ವ್ಯವಸ್ಥೆಯೂ ಇದೇ ದಾರಿಯಲ್ಲಿ ಬಂತು. ಅದು ಮೊದಲು ಕಡ್ಡಾಯವಾದದ್ದು ಕ್ಯಾಲಿಫೋರ್ನಿಯಾದಲ್ಲಿ, ಅಲ್ಲಿನ ವಾಯುಮಾಲಿನ್ಯ ಮಂಡಳಿಯ ಆದೇಶದಿಂದ. ಭಾರತದಲ್ಲಿ 2010ರಿಂದ, ಅದರ ಎರಡನೆಯ ಹಂತ 2013ರಿಂದ. ಮಿಸ್ ಹೊಡೆಯುವುದನ್ನು ಅದು ಹಿಡಿಯುವ ಬಗೆ ಸೊಗಸಾಗಿದೆ. ಪ್ರತಿ ಸಿಲಿಂಡರು ಉರಿದಾಗ ಕ್ರ್ಯಾಂಕ್ ಒಂದಿಷ್ಟು ವೇಗ ಪಡೆಯುತ್ತದೆ, ಉರಿಯದಿದ್ದರೆ ತಡವರಿಸುತ್ತದೆ. ಸೆನ್ಸರು ಆ ತಡವರಿಕೆಯನ್ನು ಎಣಿಸುತ್ತದೆ. ಹಳೆಯ ಮೆಕ್ಯಾನಿಕ್ಕು ಕಿವಿಯಲ್ಲಿ ಹಿಡಿಯುತ್ತಿದ್ದದ್ದೂ ಇದೇ ತಾಳಭಂಗವನ್ನು. ಯಂತ್ರಕ್ಕೆ ಇದರಲ್ಲಿ ಆಸಕ್ತಿ ಯಾಕೆಂದರೆ ಉರಿಯದ ಪೆಟ್ರೋಲು ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟುಹಾಕುತ್ತದೆ. ಚೆಕ್ ಇಂಜಿನ್ ದೀಪ ಮಿಣಮಿಣ ಮಿಟುಕಿದರೆ ಆ ಅಪಾಯ ಎದುರಿಗಿದೆ ಎಂದೇ ಅರ್ಥ. ಹಾಗಾಗಿ ಪಿ0301 ಎಂಬ ಕೋಡು ಒಂದನೇ ಸಿಲಿಂಡರು ಮಿಸ್ ಆಗುತ್ತಿದೆ ಎಂದಷ್ಟೇ ಹೇಳುತ್ತದೆ. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ವಾಲ್ವೋ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಕಂಡುಹಿಡಿ ಎಂದು ಕಾನೂನು ಅದಕ್ಕೆ ಹೇಳಿಯೂ ಇಲ್ಲ. ಕೋಡು ನೋಡಿದ ಕೂಡಲೇ ಕಾಯಿಲು ಬದಲಿಸುವ ಗ್ಯಾರೇಜು ಗಿರಾಕಿಯ ದುಡ್ಡು ಪೋಲು ಮಾಡುತ್ತದೆ. ಬಲ್ಲವರು ಒಂದನೆಯ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ಕೋಡು ಪಿ0302 ಆಗಿ ಜೊತೆಗೇ ಹೋಯಿತೇ ಎಂದು ನೋಡುತ್ತಾರೆ. ವೈರು ಕಿತ್ತು ನೋಡುತ್ತಿದ್ದ ಕಾಲದ ತರ್ಕವೇ ಇದು.

ಹಳೆಯದರ ಮೋಹದಿಂದ ಹೀಗೆ ಹೇಳುತ್ತಿಲ್ಲ. ಪುಣೆಯ ಗಾಳಿಗೆ ಕಾನೂನು ಬೇಕಿತ್ತು, ಒಬಿಡಿಯೂ ಬೇಕಿತ್ತು. ನನ್ನ ತಕರಾರು ಬೇರೆ: ಇಂಜಿನ್ನು ಮಾತಾಡಲೇಬೇಕೆಂದ ಕಾನೂನು, ಹೊಗೆಗೆ ಸಂಬಂಧಿಸದ್ದನ್ನು ಯಾರೊಡನೆ ಮಾತಾಡಬೇಕೆಂದು ಹೇಳಲಿಲ್ಲ. ಪಿ0 ಎಂದು ಶುರುವಾಗುವ ಕೋಡುಗಳು ಎಲ್ಲ ಕಂಪನಿಗಳಿಗೂ ಒಂದೇ. ನಾನಾ ಪೇಠೆಯ ಅಗ್ಗದ ಸ್ಕ್ಯಾನರೂ ಓದಬಲ್ಲದು. ಪಿ1 ಕೋಡುಗಳು ಆಯಾ ಕಂಪನಿಯವು, ಅವುಗಳ ಅರ್ಥಕ್ಕೆ ಕಂಪನಿಯದೇ ಉಪಕರಣ, ಕಂಪನಿಯದೇ ಕೈಪಿಡಿ ಬೇಕಾಗುತ್ತದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ಪರೀಕ್ಷಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಅದು ಎತ್ತಿಹಿಡಿದ ಆರೋಪ. ಪ್ರಕರಣ ಮೇಲ್ಮನವಿಗೆ ಹೋಯಿತು. ಗುಟ್ಟು ಬಿಟ್ಟುಕೊಟ್ಟರೆ ಅರೆಬರೆ ಕಲಿತವರು ಕೈಹಾಕಿ ಗಾಡಿ ಕೆಡಿಸುತ್ತಾರೆ, ಸುರಕ್ಷತೆಗೆ ಧಕ್ಕೆ ಎಂಬುದು ಕಂಪನಿಗಳ ವಾದವಾಗಿತ್ತು. ಮಾಹಿತಿ ಸಿಗದ ಮೆಕ್ಯಾನಿಕ್ಕೂ ಅದೇ ಗಾಡಿಗೆ ಕೈಹಾಕುತ್ತಾನೆ, ವಾರಂಟಿ ಮುಗಿದ ಕಾರು ಅವನ ಬಳಿಗೇ ಬರುತ್ತದೆ. ಏನು ಕೆಟ್ಟಿದೆ ಎಂದು ತಿಳಿಯದೆ ಬಿಚ್ಚುವುದಕ್ಕಿಂತ ತಿಳಿದು ಬಿಚ್ಚುವುದು ಹೇಗೆ ಹೆಚ್ಚು ಅಪಾಯ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.