ಪುತ್ತೂರು ಸೀಮೆಯ ಗೃಹಶೃಂಗಾರ

ಮನೆಯನ್ನು ಹೊಸತುಗೊಳಿಸುವುದೆಂದರೆ ಈಗಿನ ಕಾಲದಲ್ಲಿ ಅಂಗಡಿಗೆ ಹೋಗಿ ಬಣ್ಣವನ್ನೂ ಪರದೆಯನ್ನೂ ಆರಿಸಿ ತರುವುದು. ಪುತ್ತೂರು, ಸುಳ್ಯ, ಮತ್ತು ಇತ್ತೀಚೆಗೆ ಬೇರೆ ತಾಲೂಕಾಗಿರುವ ಕಡಬ ಇವುಗಳ ಹಳ್ಳಿಗಳಲ್ಲಿ ನೂರು ವರ್ಷಗಳ ಹಿಂದೆ ಈ ಮಾತಿಗೆ ಬೇರೆಯೇ ಅರ್ಥವಿದ್ದಿತು. ವರ್ಷಕ್ಕೊಮ್ಮೆ ಹೊಸತಾಗದ ಮನೆಯು ಆಗ ಮರುವರ್ಷಕ್ಕೆ ನಿಲ್ಲುತ್ತಿರಲಿಲ್ಲ. ಘಟ್ಟದ ಬುಡದ ಈ ನಾಡಿನಲ್ಲಿ ಜೂನ್ ತಿಂಗಳಿಂದ ನಾಲ್ಕು ತಿಂಗಳ ಕಾಲ ಸುರಿಯುವ ಮಳೆಯು ಮಣ್ಣಿನ ಗೋಡೆಯನ್ನೂ ಹುಲ್ಲಿನ ಮಾಡನ್ನೂ ತಿನ್ನುತ್ತಲೇ ಇರುವುದು. ಆದುದರಿಂದ ಇಲ್ಲಿಯ ಗೃಹಶೃಂಗಾರದ ಕಥೆಯು ಮಳೆಯೊಡನೆ ನಡೆದ ವ್ಯವಹಾರದಿಂದಲೇ ಆರಂಭವಾಗಬೇಕು.

ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಹೊದಿಕೆ. ತೋಟ ಗದ್ದೆಗಳಿಗೆ ತಾಗಿದ ಮುಳಿಗುಡ್ಡೆಯಿಂದ ಈ ಹುಲ್ಲನ್ನು ಕೊಯ್ದು ತರುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ವರ್ಗ ಭೂಮಿಯ ಸುತ್ತಲಿನ ನೂರು ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಹುಲ್ಲು, ಕಟ್ಟಿಗೆಗಳನ್ನು ತೆಗೆದುಕೊಳ್ಳುವ ಕುಮ್ಕಿ ಎಂಬ ಸೌಲಭ್ಯವು ರೈತನಿಗೆ ಇದ್ದಿತಷ್ಟೆ. ಕಂದಾಯದ ಕಾಗದಗಳಲ್ಲಿ ಒಣ ಶಬ್ದವಾಗಿ ಕಾಣುವ ಈ ಕುಮ್ಕಿಯೇ ಮನೆಯ ಮಾಡಿಗೆ ಆಧಾರ. ಹಳೆಯ ಹೊದಿಕೆಯನ್ನು ಕಿತ್ತು, ಬಿದಿರಿನ ಗಳುಗಳನ್ನು ನೋಡಿ ಬದಲಾಯಿಸಿ, ಹೊಸ ಮುಳಿಯನ್ನು ಕಟ್ಟುಕಟ್ಟಾಗಿ ಏರಿಸುವ ಕೆಲಸವು ಮಳೆಗೆ ಮುನ್ನ ಮುಗಿಯಲೇಬೇಕು. ನೆರೆಕರೆಯವರು ಕೂಡಿ ಬಂದು ಇಂದು ಒಂದು ಮನೆಗೆ, ನಾಳೆ ಮತ್ತೊಂದು ಮನೆಗೆ ಹೊದಿಸುವರು. ಅಡುಗೆಮನೆಯ ಹೊಗೆಯು ಮುಳಿಯ ಸಂದುಗಳಲ್ಲಿ ಹಾದುಹೋಗಿ ಹುಳುಹುಪ್ಪಟೆಗಳನ್ನು ದೂರವಿಡುತ್ತಿದ್ದಿತು. ಇಲ್ಲಣವು ತೊಲೆಗಳಿಂದ ಜೋಲುತ್ತಿದ್ದಿತು. ಒಳಗೆ ತಂಪು, ಕತ್ತಲೆ, ಹೊಗೆಯ ವಾಸನೆ. ಹಳೆಯ ಮನೆಗಳನ್ನು ಹೊಗಳುವವರು ತಂಪೊಂದನ್ನೇ ನೆನೆಯುವುದುಂಟು.

ಮಳೆಗಾಲ ಕಳೆದ ಮೇಲೆ ನೆಲದ ಸರದಿ. ಪಾಚಿಗಟ್ಟಿದ ಅಂಗಳವನ್ನು ಕೆತ್ತಿ, ಹೊಸ ಮಣ್ಣು ಹರಡಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಸಮಮಾಡಿ, ಸೆಗಣಿ ಸಾರಿಸುವರು. ಅಡಿಕೆ ಒಣಗುವುದು ಅಲ್ಲಿಯೇ. ಒಳಗಿನ ನೆಲಕ್ಕೆ ಇದಕ್ಕಿಂತ ನಾಜೂಕಾದ ಉಪಚಾರ ಬೇಕು. ತೆಂಗಿನ ಗೆರಟೆಯನ್ನು ಸುಟ್ಟು, ಅದರ ಕರಿಯನ್ನು ನುಣ್ಣಗೆ ಅರೆದು, ಸೆಗಣಿಯೊಡನೆ ಕಲಸಿ, ಅಡಿಕೆ ಹಾಳೆಯ ತುಂಡಿನಿಂದ ಒಂದೇ ಹದದಲ್ಲಿ ಎಳೆಯುವರು. ಅದು ಅರ್ಧ ಆರಿದಾಗ ಹೆಂಗಸರು ಕುಳಿತು ನುಣುಪಾದ ಕಲ್ಲಿನಿಂದ ಉಜ್ಜಿದರೆ ನೆಲವು ಕರಿಯ ಕನ್ನಡಿಯಂತೆ ಹೊಳೆಯುವುದು. ಕೈಬ್ಯಾಟರಿ ಬಂದ ಮೇಲೆ ತೀರಿಹೋದ ಸೆಲ್ಲನ್ನು ಒಡೆದು ಅದರೊಳಗಿನ ಕರಿಯನ್ನು ಸೇರಿಸುವ ಉಪಾಯವನ್ನೂ ಗೃಹಿಣಿಯರು ಕಂಡುಕೊಂಡರು. ಈ ನೆಲದ ಮೇಲೆ ಅಕ್ಕಿಹಿಟ್ಟಿನ ರಂಗೋಲಿಯು ಎದ್ದು ಕಾಣುವಷ್ಟು ಯಾವ ಅಮೃತಶಿಲೆಯ ಮೇಲೂ ಕಾಣದು. ಆದರೆ ಅದರ ಆಯುಷ್ಯವು ಅಲ್ಪ. ದಿನದಿನವೂ ಒರಸಬೇಕು, ಮತ್ತೆಮತ್ತೆ ಸಾರಿಸಬೇಕು; ಸೊಂಟ ಬಗ್ಗಿಸಿ ಆ ಹೊಳಪನ್ನು ಉಳಿಸಿದ ಹೆಣ್ಣುಮಕ್ಕಳ ಹೆಸರನ್ನು ಮನೆತನದ ಯಾವ ಚರಿತ್ರೆಯೂ ಬರೆದಿಟ್ಟಿಲ್ಲ.

ಗೋಡೆಗೆ ಕಡಲ ಕಡೆಯಿಂದ ಬಂದ ಚಿಪ್ಪಿನ ಸುಣ್ಣ, ಅದಕ್ಕೆ ಒಂದು ಚಿಟಿಕೆ ನೀಲಿ. ಸ್ಥಿತಿವಂತರ ಮನೆಗಳಲ್ಲಿ ಹಲಸು, ಕಿರಾಲುಬೋಗಿ ಮರಗಳ ಕಂಬಗಳು, ಕೆತ್ತನೆಯ ಬಾಗಿಲುವಾಡ, ಚಾವಡಿಯ ಮೇಲೆ ಹಲಗೆಯ ಮುಚ್ಚಿಗೆ, ಜಗಲಿಗೆ ಮರದ ದಳಿ, ನಡುವೆ ತೂಗುಮಂಚ. ಸುಳ್ಯದ ಗೌಡರ ಐನ್‌ಮನೆಗಳಲ್ಲಿ ಕನ್ನಿಕಂಬಕ್ಕೆ ಸಲ್ಲುವ ಮರ್ಯಾದೆಯು ಮನೆಯ ಹಿರಿಯನಿಗೆ ಸಲ್ಲುವುದಕ್ಕಿಂತ ಕಡಮೆಯದಲ್ಲ. ಇವೆಲ್ಲ ಬೆರಳೆಣಿಕೆಯ ಮನೆಗಳ ವೈಭವವೆಂಬುದನ್ನು ಮಾತ್ರ ವಾಚಕರು ಮರೆಯಬಾರದು.

ಬದಲಾವಣೆಯು ಮಂಗಳೂರಿನಿಂದ ಬಂದಿತು. 1834ರಲ್ಲಿ ಅಲ್ಲಿ ನೆಲೆಸಿದ ಬಾಸೆಲ್ ಮಿಶನಿನವರು ಮತಾಂತರ ಹೊಂದಿದವರಿಗೆ ಜೀವನೋಪಾಯವನ್ನು ಕಲ್ಪಿಸಲು ನೇಯ್ಗೆ, ಮುದ್ರಣ ಮೊದಲಾದ ಉದ್ಯೋಗಗಳನ್ನು ತೆರೆದಿದ್ದರು. ಅವರಲ್ಲಿ ಒಬ್ಬನಾದ ಜಾರ್ಜ್ ಪ್ಲೆಬ್ಸ್ಟನು ನೇತ್ರಾವತಿ ತೀರದ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಒಂದರ ಅಂಚು ಮತ್ತೊಂದಕ್ಕೆ ಸಿಕ್ಕಿಕೊಳ್ಳುವಂತೆ ಅಚ್ಚಿನಲ್ಲಿ ಒತ್ತಿದ ಈ ಕೆಂಪು ಹಂಚುಗಳು ನೂರು ಚದರಡಿಯ ಮಾಡಿಗೆ ಸುಮಾರು 150 ಸಾಕು. ಬೇರೆ ಉದ್ಯಮಿಗಳೂ ಕಾರ್ಖಾನೆಗಳನ್ನು ತೆರೆದರು. ಹಂಚು ಹಡಗುಗಳಲ್ಲಿ ದೂರದ ರೇವುಗಳಿಗೆ ಹೋಯಿತು. ಒಳನಾಡಿಗೆ ಬಂದದ್ದು ಮಾತ್ರ ನಿಧಾನವಾಗಿಯೇ. ನದಿಯಲ್ಲಿ ದೋಣಿ ಬರುವಲ್ಲಿಯವರೆಗೆ ದೋಣಿಯಲ್ಲಿ, ಆಮೇಲೆ ಪುತ್ತೂರು ಸುಳ್ಯಗಳ ಮೂಲಕ ಸಂಪಾಜೆಯ ಕಡೆಗೆ ಏರುವ ಮಡಿಕೇರಿಯ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ, ಕಡಬ ಸುಬ್ರಹ್ಮಣ್ಯಗಳ ಒಳಹಳ್ಳಿಗಳಿಗೆ ತಲೆಹೊರೆಯಲ್ಲಿ.

ಹಂಚು ಬಂದುದರಿಂದ ಮಾಡು ಮಾತ್ರ ಬದಲಾಯಿತೆಂದು ತಿಳಿಯುವುದು ತಪ್ಪು. ಹಂಚುಗಳ ನಡುವೆ ಅಲ್ಲಲ್ಲಿ ಇಟ್ಟ ಗಾಜಿನ ಹಂಚು ಒಳಗಿನ ಬಾಳನ್ನೇ ಬದಲಿಸಿತು. ತಲೆತಲಾಂತರದಿಂದ ಕತ್ತಲೆಯಲ್ಲಿದ್ದ ಅಡುಗೆಮನೆಗೆ ಹಗಲು ಬೆಳಕು ಮೊದಲ ಬಾರಿಗೆ ನೆತ್ತಿಯಿಂದ ಇಳಿಯಿತು. ಬೆಳಕು ಬಿದ್ದೊಡನೆ ಗೋಡೆಯ ಮಸಿ ಕಂಡಿತು. ಮಸಿ ಕಂಡೊಡನೆ ಸುಣ್ಣದ ಬಯಕೆ ಹೆಚ್ಚಿತು. ಬಿಳಿಯ ಗೋಡೆಯು ಬರಿದಾಗಿ ತೋರಿದುದರಿಂದ ಅಲ್ಲಿ ಪಟಗಳು ಏರಿದವು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಹೊರಬಿದ್ದ ಲಕ್ಷ್ಮೀ ಸರಸ್ವತಿಯರ ವರ್ಣಚಿತ್ರಗಳು ಕನ್ನಡಿ ಕಟ್ಟಿಸಿಕೊಂಡು ಚಾವಡಿಗೆ ಬಂದವು. ಪುತ್ತೂರಿನ ಕ್ರೈಸ್ತರ ಮನೆಗಳಲ್ಲಿ ಯೇಸುವಿನ ಪವಿತ್ರ ಹೃದಯದ ಪಟವೂ, ಮುಸಲ್ಮಾನರ ಮನೆಗಳಲ್ಲಿ ಮಕ್ಕಾ ಮದೀನಗಳ ಚಿತ್ರವೂ ಅದೇ ಎತ್ತರದಲ್ಲಿ ತೂಗಿದವು. ಅದುವರೆಗೆ ದೇವರಿಗೆ ಗುಂಡ, ಮಂಚ, ಕೋಣೆ ಎಂದು ಸ್ಥಳವಿದ್ದಿತಲ್ಲದೆ ಗೋಡೆಯಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಹಂಚಿಗೆ ಇಷ್ಟು ಗುಣವಿದ್ದರೂ, ಕಾರ್ಖಾನೆಯು ಒಂದೆರಡು ದಿನದ ದಾರಿಯಲ್ಲಿಯೇ ಇದ್ದರೂ, ನೂರು ವರ್ಷ ಕಳೆದರೂ ಈ ಸೀಮೆಯಲ್ಲಿ ಮುಳಿಮನೆಗಳು ಅಷ್ಟೊಂದು ಉಳಿದುದೇಕೆ? ಬಡತನವೆಂಬ ಉತ್ತರವು ಸತ್ಯವಾದರೂ ಅಪೂರ್ಣ. ಈ ಜಿಲ್ಲೆಯ ಕೃಷಿಯು ಬಹುಮಟ್ಟಿಗೆ ಗೇಣಿಯ ಕೃಷಿಯಾಗಿದ್ದಿತು. ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನದು ಧಣಿಯ ಇಷ್ಟವಿರುವ ತನಕ. ನಾಳೆ ಬಿಟ್ಟೇಳೆಂದರೆ ಏಳಬೇಕಾದ ಒಕ್ಕಲು ಮರದ ಪಕ್ಕಾಸು ಇಳಿಸಿ ಹಂಚು ಹೊದಿಸುವನೆ? ಮುಳಿ, ಬಿದಿರು, ಮಣ್ಣು ಇವು ಬಿಟ್ಟುಹೋಗಲು ಸುಲಭವಾದ ವಸ್ತುಗಳು. ಧಣಿಯ ಚಾವಡಿಯನ್ನು ಪ್ರತಿವರ್ಷವೂ ಹೊಸತುಗೊಳಿಸಿದ ಕೈಗಳು ತಮ್ಮ ಮನೆಯನ್ನು ಮಳೆ ಸೋರದಷ್ಟಕ್ಕೆ ಮಾತ್ರ ನೋಡಿಕೊಂಡವು. ಆ ಅಂಗಳವನ್ನು ಬಡಿದು ಸಮಮಾಡಿದವರಲ್ಲಿ ಎಷ್ಟೋ ಮಂದಿಗೆ ಜಾತಿಯ ಕಾರಣದಿಂದ ಜಗಲಿಯನ್ನು ಏರುವ ಅನುಮತಿಯೂ ಇರಲಿಲ್ಲ. ಒಳಗಿನ ಮುಚ್ಚಿಗೆಯ ಕೆತ್ತನೆಯನ್ನು ಅವರು ಕಂಡುದೇ ಇಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾನೂನಿನ ತಿದ್ದುಪಡಿಯು ಈ ಸ್ಥಿತಿಯನ್ನು ಮುರಿಯಿತು. ಒಕ್ಕಲುಗಳು 7ನೆಯ ನಮೂನೆಯ ಅರ್ಜಿ ಹಾಕಿ ಭೂನ್ಯಾಯಮಂಡಲಿಗಳ ಮುಂದೆ ನಿಂತರು. ಕೂಲಿಯವರು ತಾವು ವಾಸವಿದ್ದ ಗುಡಿಸಲಿನ ನೆಲಕ್ಕೆ ಹಕ್ಕು ಕೇಳಿದರು. ನೆಲವು ತಮ್ಮದಾದ ಮನೆಗಳಲ್ಲಿ ಮುಳಿಯು ಇಳಿದು ಹಂಚು ಏರಿತು. ಸೆಗಣಿಯ ನೆಲಕ್ಕೆ ಬದಲಾಗಿ ಸಿಮೆಂಟಿಗೆ ಕೆಂಪು ಕಾವಿ ಬೆರೆಸಿ ತಿಕ್ಕಿದ ನೆಲವು ಬಂದಿತು. ಅತ್ತ ಗೇಣಿಯ ಅಕ್ಕಿಯೂ ಬಿಟ್ಟಿಯ ಕೈಗಳೂ ಇಲ್ಲದಾದ ದೊಡ್ಡ ಮನೆಗಳಲ್ಲಿ ಕೆಲವು ಸೋರತೊಡಗಿದವು; ಪಾಲು ಹಂಚಿಕೆಯಾಗಿ ಕೆಲವು ಬಿಚ್ಚಿಹೋದವು. ಕಂಬಗಳೂ ಬಾಗಿಲುವಾಡಗಳೂ ಹಳೆಯ ವಸ್ತುಗಳ ವ್ಯಾಪಾರಿಗಳ ಕೈಸೇರಿ ನಗರದ ಭವನಗಳ ಅಲಂಕಾರವಾದವು. ಇದನ್ನು ಕೇವಲ ನಷ್ಟವೆಂದು ಬರೆಯುವವರು ಅದೇ ಕಾಲದಲ್ಲಿ ಗುಡ್ಡದ ಬದಿಯಲ್ಲಿ ಎದ್ದ ಸಣ್ಣ ಹಂಚಿನ ಮನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲರಿಗೂ ಈ ಭಾಗ್ಯ ದೊರೆಯಲಿಲ್ಲ. 1964ರ ಭಾರತ–ಸಿಂಹಳ ಒಪ್ಪಂದದ ಫಲವಾಗಿ ತಾಯ್ನಾಡಿಗೆ ಮರಳಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯ ವಸತಿಗಳಲ್ಲಿ ಬಾಳಿದವು. ತಮ್ಮದಲ್ಲದ ಮನೆಯ ಬಾಗಿಲಲ್ಲಿಯೂ ಬೆಳಗಾಗುತ್ತಲೇ ಕೋಲವಿಡುವುದನ್ನು ಅವರ ಹೆಂಗಸರು ಬಿಡಲಿಲ್ಲ.

ಮುಂದಿನದು ಹತ್ತಿರದ ಕಾಲದ ಮಾತು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಹುಟ್ಟಿ ಅಡಿಕೆಗೆ ಆಸರೆಯಾಯಿತು. ಅಡಿಕೆಯ ಹಣವು ತಾರಸಿಮನೆಗಳಾಗಿ ಎದ್ದಿತು. ನುಣುಪಾದ ಟೈಲ್ಸ್ ನೆಲ, ಬಣ್ಣದ ಗೋಡೆ, ಪ್ಲಾಸ್ಟರಿನ ಸುಳ್ಳು ಮುಚ್ಚಿಗೆ. ಆದರೆ ಮಳೆಯು ತನ್ನ ಹಳೆಯ ವ್ಯವಹಾರವನ್ನು ಬಿಟ್ಟಿಲ್ಲ. ಕಾಂಕ್ರೀಟಿನ ತಾರಸಿಯೂ ಬಿರುಕು ಬಿಟ್ಟು ಸೋರಲು ತೊಡಗಿದಾಗ ಅದರ ಮೇಲೆ ಇಳಿಜಾರಾದ ತಗಡಿನ ಮಾಡನ್ನು ಏರಿಸುತ್ತಿದ್ದಾರೆ. ಅಡಿಕೆ ಒಣಗಿಸಲು ಒಂದು ಬದಿಗೆ ಬೆಳಕು ಇಳಿಯುವ ಹಾಳೆಯನ್ನೂ ಹೊದಿಸುತ್ತಾರೆ. ಗಾಜಿನ ಹಂಚಿನ ಉಪಾಯವು ಹೀಗೆ ಮರಳಿ ಬಂದಿದೆ.

ತೆನೆ ಹಬ್ಬದ ದಿನ ಈ ಮನೆಗಳೆಲ್ಲ ಈಗಲೂ ತುಂಬಿಸಲ್ಪಡುತ್ತವೆ. ಭತ್ತದ ಕದಿರನ್ನು ಮಾವು, ಹಲಸು, ಬಿದಿರಿನ ಎಲೆಗಳೊಡನೆ ಸುತ್ತಿ ಹಿಂದೆ ಕಂಬ ಕಂಬಕ್ಕೂ ಕಟ್ಟುತ್ತಿದ್ದರು. ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾದುದರಿಂದ ಕದಿರನ್ನು ಎಷ್ಟೋ ಮಂದಿ ದೇವಸ್ಥಾನದಿಂದ ತರುತ್ತಾರೆ. ಕಂಬವಿಲ್ಲದ ಹೊಸ ಮನೆಯಲ್ಲಿ ಅದನ್ನು ಕಿಟಕಿಯ ಸರಳಿಗೂ, ಅಂಗಳದಲ್ಲಿ ನಿಂತ ವಾಹನಕ್ಕೂ ಕಟ್ಟುತ್ತಾರೆ.