ಗಂಡಭೇರುಂಡದ ಕಡಲಯಾನ

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಿಂತವರು ಸರ್ಕಾರಿ ಬಸ್ಸಿನ ಮೈಮೇಲಿನ ಎರಡು ತಲೆಯ ಹಕ್ಕಿಯನ್ನು ನೋಡಿಯೇ ಇರುತ್ತಾರೆ. ಅದೇ ಗಂಡಭೇರುಂಡ ನಮ್ಮ ಯುದ್ಧನೌಕೆಯೊಂದರ ಲಾಂಛನವೂ ಹೌದು. ಕಡಲಿಲ್ಲದ ಚಾಮರಾಜನಗರ ಸೀಮೆಯಲ್ಲಿ ಹಡಗಿನ ಚಿತ್ರಗಳ ಮಾತು ತೆಗೆಯಲು ನನಗೆ ಅಷ್ಟು ನಂಟು ಸಾಕು.

ಹಡಗಿಗೆ ಗುರುತು ಬರೆಯುವ ಪದ್ಧತಿ ಅಪ್ಪಣೆಯಿಂದ ಹುಟ್ಟಿದ್ದಲ್ಲ. ಮರದ ಹಡಗುಗಳ ಮೂತಿಯಲ್ಲಿ ಕೆತ್ತಿದ ಬೊಂಬೆ ಇರುತ್ತಿತ್ತು. ಕಬ್ಬಿಣದ ಹಡಗು ಬಂದ ಮೇಲೆ ಬೊಂಬೆ ಮರೆಯಾಯಿತು. ಆಗ ಬ್ರಿಟಿಷ್ ಕ್ಯಾಪ್ಟನ್‌ಗಳು ತಮಗೆ ತೋಚಿದ ಲಾಂಛನ ಮಾಡಿಸಿ ದೋಣಿಗಳ ಮೇಲೆ, ಫಿರಂಗಿ ಬಾಯಿಗೆ ಜಡಿಯುವ ಬಿರಡೆಯ ಮೇಲೆ ಹಾಕಿಸಿದರು. 1918ರಲ್ಲಿ ಇದಕ್ಕೊಂದು ಸಮಿತಿ ನೇಮಕವಾಗಿ ಕಟ್ಟಳೆ ಬಂತು: ದೊಡ್ಡ ಯುದ್ಧನೌಕೆಗೆ ದುಂಡು ಫಲಕ, ಕ್ರೂಸರ್‌ಗೆ ಐದು ಮೂಲೆಯದು, ಡೆಸ್ಟ್ರಾಯರ್‌ಗೆ ಗುರಾಣಿಯ ಆಕಾರ.

ಕಟ್ಟಳೆಯ ಆಚೆಗೂ ನಾವಿಕರ ಕೈ ಸುಮ್ಮನಿರಲಿಲ್ಲ. 1939ರಲ್ಲಿ ಬ್ರಿಟಿಷರ 'ರಾಯಲ್ ಓಕ್' ಹಡಗನ್ನು ಸ್ಕಾಪಾ ಫ್ಲೋ ನೆಲೆಯೊಳಗೇ ನುಗ್ಗಿ ಮುಳುಗಿಸಿದ ಜರ್ಮನ್ ಜಲಾಂತರ್ಗಾಮಿ ಯು-47, ಊರು ಸೇರುವ ಹೊತ್ತಿಗೆ ಗೋಪುರದ ಮೇಲೆ ಬುಸುಗುಡುವ ಗೂಳಿಯನ್ನು ಬರೆಸಿಕೊಂಡಿತ್ತು. ಬರೆದವರು ಹಡಗಿನವರೇ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋ ಟಾರ್ಪೆಡೊ ದೋಣಿಗಳಿಗೆಂದು ಟಾರ್ಪೆಡೊ ಏರಿದ ಸೊಳ್ಳೆಯನ್ನು ಬರೆದುಕೊಟ್ಟಿತು. ಹಡಗಿನೊಳಗಿನ ಜನರ ಧೈರ್ಯ, ಭಯ, ತಮಾಷೆ ಎಲ್ಲವೂ ಇಂಥ ಚಿತ್ರಗಳಲ್ಲಿ ಸಿಗುವಷ್ಟು ಅಧಿಕೃತ ಲಾಂಛನದಲ್ಲಿ ಸಿಗುವುದಿಲ್ಲ ಎಂದೇ ನನ್ನ ನಂಬಿಕೆ.

ನಮ್ಮ ಹಕ್ಕಿ ಕಡಲಿಗಿಳಿದದ್ದು 1957ರ ಆಗಸ್ಟ್ 29ರಂದು. ಬ್ರಿಟಿಷರ 'ನೈಜೀರಿಯಾ' ಕ್ರೂಸರ್ ಅಂದು ಐಎನ್ಎಸ್ ಮೈಸೂರು ಆಯಿತು. ಆಗ ರಾಜ್ಯದ ಹೆಸರೂ ಮೈಸೂರು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಬಳ್ಳಿಗಾವಿಯ ಕಂಬದ ತುದಿಯಲ್ಲಿ 1047ರಿಂದ ನಿಂತಿದ್ದ, ಒಡೆಯರ ಬಿರುದಾಗಿ ಮೆರೆದಿದ್ದ ಗಂಡಭೇರುಂಡವೇ ಹಡಗಿಗೂ ಒದಗಿತು. 1971ರ ಯುದ್ಧದಲ್ಲಿ ಆ ಹಡಗು ಪಶ್ಚಿಮ ನೌಕಾದಳದ ಮುಂದಾಳು. 1985ರಲ್ಲಿ ಅದು ನಿವೃತ್ತವಾಯಿತು. 1999ರ ಜೂನ್ 2ರಂದು ಮುಂಬೈಯ ಮಜಗಾಂವ್‌ನಲ್ಲಿ ಕಟ್ಟಿದ ಹೊಸ ಐಎನ್ಎಸ್ ಮೈಸೂರು ಸೇವೆಗೆ ಬಂದಾಗ ಹಕ್ಕಿ ಅದರ ಮೇಲೂ ಬಂದು ಕೂತಿತು. ಹಡಗು ಹೋದರೂ ಲಾಂಛನ ಉಳಿಯಿತು.

ಅದೇ 1971ರ ಡಿಸೆಂಬರ್‌ನಲ್ಲಿ ಕರಾಚಿಗೆ ನುಗ್ಗಿದ ಕ್ಷಿಪಣಿ ದೋಣಿಗಳ ದಳಕ್ಕೆ 'ಕಿಲ್ಲರ್ಸ್' ಎಂಬ ಅಡ್ಡಹೆಸರು ಅಂಟಿತು. ಐವತ್ತು ವರ್ಷದ ನಂತರ, 2021ರಲ್ಲಿ ದಳಕ್ಕೆ ರಾಷ್ಟ್ರಪತಿಗಳ ಧ್ವಜ ಸಂದಾಗ ಆ ಹೆಸರನ್ನು ಸಮಾರಂಭದಲ್ಲೇ ಹೆಮ್ಮೆಯಿಂದ ಹೇಳಿದರು.

ಎಲ್ಲ ಗುರುತಿಗೂ ಈ ಭಾಗ್ಯವಿಲ್ಲ. ನಾವಿಕರು ಬರೆದದ್ದು ಮುಂದಿನ ರಿಪೇರಿಯ ಬಣ್ಣದಡಿ ಅಳಿಯುತ್ತದೆ. ಅಳಿಯುವ ಮುನ್ನ ಫೋಟೊ ತೆಗೆದಿಡುವುದು ಎಷ್ಟು ಹೊತ್ತಿನ ಕೆಲಸ?

ಗುಂಡ್ಲುಪೇಟೆಯಲ್ಲೂ ಹೀಗೆ ಚಿತ್ರ ಅಳಿಯುವುದನ್ನೇ ಕಾಣುತ್ತೇನೆ. ಬಂಡೀಪುರದ ಹಾದಿ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಕೇರಳಕ್ಕೆ ಹೊರಟ ಲಾರಿಗಳು ಅಲ್ಲಿಯವರೆಗೆ ರಸ್ತೆಬದಿಯಲ್ಲೇ. ಹಣೆಯ ಮೇಲೆ ಮನೆದೇವರ ಹೆಸರು, ಹಿಂದೆ ಮಕ್ಕಳ ಹೆಸರು, ನಡುವೆ ರೆಕ್ಕೆ ಬಿಚ್ಚಿದ ಹದ್ದು. ಎಫ್‌ಸಿ ಎಂಬ ಅರ್ಹತಾ ತಪಾಸಣೆ ಹತ್ತಿರ ಬಂದರೆ ಲಾರಿಗೆ ಹೊಸ ಬಣ್ಣ ಬೀಳುತ್ತದೆ. ಹದ್ದನ್ನು ಮತ್ತೆ ಮೊದಲಿನಿಂದ ಬರೆಯಬೇಕು.