ಮೆಚ್ಚಿದವರೇ ಎಣಿಸಿದ ತಪ್ಪುಗಳು

ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಮನೆಗೆ ಬಂದಿದ್ದರು. ಒಂದೇ ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿದವರು, ಈಗ ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾರೆ. ಕುಶಲ ವಿಚಾರಿಸಿ ಮುಗಿಯುವ ಮುನ್ನವೇ ಅವರಿಬ್ಬರ ನಡುವೆ ‘ಸ್ಟಾರ್ ಟ್ರೆಕ್’ ಎಂಬ ಹಳೆಯ ಅಮೆರಿಕನ್ ಧಾರಾವಾಹಿಯ ಬಗ್ಗೆ ವಾದ ಹತ್ತಿಕೊಂಡಿತು. ಕೊಟ್ಟ ಕಾಫಿ ಲೋಟದಲ್ಲೇ ಆರಿಹೋಯಿತು. ನನ್ನಾಕೆ ಒಳಗಿನಿಂದ ಇಣುಕಿ, “ಏನ್ರಪ್ಪಾ, ಆಸ್ತಿ ಪಾಲಿನ ಜಗಳವೇ?” ಎಂದಳು. ಕೊನೆಗೆ ಒಬ್ಬ ನನ್ನ ಕಡೆ ತಿರುಗಿ, “ಸಾರ್, ಅದರಲ್ಲಿರೋ ತಪ್ಪುಗಳನ್ನೆಲ್ಲ ಇವನೇ ಪಟ್ಟಿ ಮಾಡ್ತಾನೆ, ಆದರೂ ಅದೇ ಶ್ರೇಷ್ಠ ಅಂತಾನೆ. ಇದು ಹೇಗೆ ಸಾರ್?” ಎಂದು ನ್ಯಾಯ ಕೇಳಿದ.

ನನಗೆ ತಕ್ಷಣ ನೆನಪಾದವರು ನನ್ನ ಸೋದರಮಾವ. 1980ರ ದಶಕದ ಮಧ್ಯಭಾಗದಲ್ಲಿ ನಾನು ಬಿ.ಎಡ್. ಓದಲು ಬೆಂಗಳೂರಿನಲ್ಲಿ ಅವರ ಮನೆಯಲ್ಲಿದ್ದೆ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಈ ಧಾರಾವಾಹಿ ಬರುತ್ತಿತ್ತು. ಮಾವನವರು ಸ್ನಾನ ಮುಗಿಸಿ, ಪಂಚೆ ಉಟ್ಟು, ಕಪ್ಪು-ಬಿಳುಪು ಪೆಟ್ಟಿಗೆಯ ಮುಂದೆ ಕುಳಿತರೆಂದರೆ ಬೈಗುಳ ಆರಂಭವಾಯಿತೆಂದೇ ಅರ್ಥ. “ಆ ಬಂಡೆ ನೋಡು, ಬರೀ ಥರ್ಮಕೋಲು.” “ಹಡಗಿನ ಯಜಮಾನನೇ ಎಲ್ಲ ಅಪಾಯಕ್ಕೂ ಮೊದಲು ಇಳೀತಾನಲ್ಲ, ಮಿಕ್ಕವರಿಗೆ ಸಂಬಳ ಯಾಕೆ?” ಆದರೆ ಒಂದು ವಾರವೂ ತಪ್ಪಿಸಿದವರಲ್ಲ. ಆಗ ನನಗದು ಅವರೊಬ್ಬರ ವಿಚಿತ್ರ ಸ್ವಭಾವವೆಂದು ತೋರಿತ್ತು. ನಿವೃತ್ತಿಯ ನಂತರ ಈ ಧಾರಾವಾಹಿಯ ಚರಿತ್ರೆಯನ್ನು ಓದಿದಾಗ, ಮಾವನವರಂಥವರು ಅಮೆರಿಕದಲ್ಲಿ ಸಾವಿರಾರು ಮಂದಿ ಇದ್ದರೆಂದೂ, ಧಾರಾವಾಹಿ ಉಳಿದುಕೊಂಡದ್ದು ಬಹುಮಟ್ಟಿಗೆ ಅವರಿಂದಲೇ ಎಂದೂ ತಿಳಿಯಿತು.

‘ಸ್ಟಾರ್ ಟ್ರೆಕ್’ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದದ್ದು 1966ರ ಸೆಪ್ಟೆಂಬರ್ 8ರಂದು. ನಿರ್ಮಾತೃ ಜೀನ್ ರಾಡನ್‌ಬೆರಿ. ಇಪ್ಪತ್ತಮೂರನೆಯ ಶತಮಾನದಲ್ಲಿ ‘ಎಂಟರ್‌ಪ್ರೈಸ್’ ಎಂಬ ಅಂತರಿಕ್ಷ ನೌಕೆ ಲೋಕಲೋಕಾಂತರಗಳನ್ನು ಸುತ್ತುವುದೇ ಕಥೆ. ಧೀರನೂ ದುಡುಕನೂ ಆದ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ, ತರ್ಕವೇ ಸರ್ವಸ್ವವೆನ್ನುವ ಸ್ಪಾಕ್, ಗೊಣಗುವ ವೈದ್ಯ ಮೆಕಾಯ್ ಈ ಮೂವರು ಮುಖ್ಯರು. ಹಣದ ಮುಗ್ಗಟ್ಟು ಮೊದಲಿನಿಂದಲೂ ಇತ್ತು. ಪ್ರತಿ ವಾರ ನೌಕೆಯನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸುವುದು ದುಬಾರಿಯೆಂದೇ, ಮನುಷ್ಯರನ್ನು ಕಿರಣವಾಗಿ ಕರಗಿಸಿ ಕೆಳಗೆ ಮತ್ತೆ ರೂಪಿಸುವ ‘ಟ್ರಾನ್ಸ್‌ಪೋರ್ಟರ್’ ಎಂಬ ಯಂತ್ರವನ್ನು ಕಲ್ಪಿಸಿದರು. ವೈದ್ಯರ ಶಸ್ತ್ರಚಿಕಿತ್ಸೆಯ ಉಪಕರಣಗಳಲ್ಲಿ ಕೆಲವು ಅಂಗಡಿಯಲ್ಲಿ ಸಿಕ್ಕುವ ಉಪ್ಪಿನ ಡಬ್ಬಿಗಳಾಗಿದ್ದವು!

ಮೊದಲ ದೊಡ್ಡ ತಕರಾರು ಬಂದದ್ದು ವಿಜ್ಞಾನ ಕಥೆಗಳ ಪ್ರಸಿದ್ಧ ಲೇಖಕ ಐಸಾಕ್ ಅಸಿಮೋವ್ ಅವರಿಂದ. 1966ರ ನವೆಂಬರ್‌ನಲ್ಲಿ ‘ಟಿವಿ ಗೈಡ್’ ಪತ್ರಿಕೆಯಲ್ಲಿ ಅವರೊಂದು ಲೇಖನ ಬರೆದು, ದೂರದರ್ಶನದ ವಿಜ್ಞಾನ ಕಥೆಗಳಲ್ಲಿನ ಪ್ರಮಾದಗಳನ್ನು ಗೇಲಿ ಮಾಡಿದರು. ಗ್ಯಾಲಕ್ಸಿಯಿಂದ ಅರ್ಧ ಜ್ಯೋತಿರ್ವರ್ಷ ಆಚೆಗೆ ಎಂಬಂಥ ಮಾತು ಅವರ ಕಣ್ಣಿಗೆ ಬಿದ್ದಿತ್ತು. ನಮ್ಮ ಗ್ಯಾಲಕ್ಸಿಯ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದಕ್ಕೆ ಕಾಂಪೌಂಡ್ ಗೋಡೆಯಿಲ್ಲ, ನಕ್ಷತ್ರಗಳು ವಿರಳವಾಗುತ್ತ ಹೋಗುತ್ತವೆ ಅಷ್ಟೆ. ಹಾಗಿರುವಾಗ ಅರ್ಧ ಜ್ಯೋತಿರ್ವರ್ಷವನ್ನು ಎಲ್ಲಿಂದ ಅಳೆಯುವುದು? ತಕರಾರು ಸರಿಯಾಗಿಯೇ ಇತ್ತು. ಆದರೆ ಅಭಿಮಾನಿಗಳು ಸಿಟ್ಟಾದರು, ಪತ್ರಗಳು ಹೋದವು. ರಾಡನ್‌ಬೆರಿಯವರೂ ದೀರ್ಘ ಪತ್ರ ಬರೆದು, ವಾರಕ್ಕೊಂದರಂತೆ ಇಂಥ ಕಥೆಗಳನ್ನು ತಯಾರಿಸುವ ಕಷ್ಟವನ್ನು ವಿನಯದಿಂದಲೇ ವಿವರಿಸಿದರು.

ಇಲ್ಲಿ ಅಸಿಮೋವರ ದೊಡ್ಡತನವನ್ನು ಮೆಚ್ಚಬೇಕು. ಅವರು ಧಾರಾವಾಹಿಯನ್ನು ಮತ್ತೆ ಗಮನವಿಟ್ಟು ನೋಡಿದರು, ಮಿತ್ರರಾದರು. 1967ರ ಏಪ್ರಿಲ್‌ನಲ್ಲಿ ಅದೇ ಪತ್ರಿಕೆಯಲ್ಲಿ ಸ್ಪಾಕ್ ಪಾತ್ರದ ಆಕರ್ಷಣೆಯ ಬಗ್ಗೆ ಹಾಸ್ಯಭರಿತವಾದ ಮೆಚ್ಚುಗೆಯ ಲೇಖನ ಬರೆದರು. ಸ್ಪಾಕ್‌ನ ಜನಪ್ರಿಯತೆಯಿಂದ ನಾಯಕ ಕರ್ಕ್ ಮಸುಕಾಗುತ್ತಿದ್ದಾನೆಂಬ ಚಿಂತೆ ರಾಡನ್‌ಬೆರಿಯವರಿಗಿದ್ದಾಗ, ಇಬ್ಬರನ್ನೂ ಜೋಡಿಯಾಗಿಸಿ ಒಟ್ಟಿಗೆ ಅಪಾಯಗಳನ್ನು ಎದುರಿಸುವಂತೆ ಮಾಡಿ ಎಂದು ಸಲಹೆ ಕೊಟ್ಟವರೂ ಅವರೇ. 1979ರ ‘ಸ್ಟಾರ್ ಟ್ರೆಕ್’ ಚಲನಚಿತ್ರಕ್ಕೆ ವಿಜ್ಞಾನ ಸಲಹೆಗಾರರಾಗಿಯೂ ಕೆಲಸ ಮಾಡಿದರು. (ನಮ್ಮ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ನಟಿಸಿದ್ದು ಅದೇ ಚಿತ್ರದಲ್ಲಿ.)

1967ರ ಸೆಪ್ಟೆಂಬರ್‌ನಲ್ಲಿ ‘ಸ್ಪಾಕನೇಲಿಯ’ ಎಂಬ ಅಭಿಮಾನಿ ಪತ್ರಿಕೆ ಹೊರಬಂತು. ಸಂಪಾದಿಸಿದವರು ದೇವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಮರ್‌ಫರ್ಡ್ ಎಂಬ ಮಹಿಳೆಯರು. ಅಚ್ಚಾದದ್ದು ನಮ್ಮ ಶಾಲೆಯ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆಯೇ, ಮೇಣದ ಹಾಳೆಯ ಮೇಲೆ ಬೆರಳಚ್ಚು ಮಾಡಿ ಸೈಕ್ಲೋಸ್ಟೈಲ್ ವಿಧಾನದಲ್ಲಿ. ಆ ಮಸಿಯ ವಾಸನೆ, ಬೆರಳಿಗೆ ಅಂಟುವ ಕಪ್ಪು ನನಗೆ ಚೆನ್ನಾಗಿ ಗೊತ್ತು. ಯಾರೂ ಸಂಬಳ ಕೊಡದಿದ್ದರೂ, ಒಂದು ಧಾರಾವಾಹಿಯ ಕಾಲ್ಪನಿಕ ಜನಾಂಗದ ರೀತಿನೀತಿಗಳನ್ನು ಚರ್ಚಿಸಲು ರಾತ್ರಿಯೆಲ್ಲ ಆ ಯಂತ್ರದ ಹಿಡಿ ತಿರುಗಿಸಿದವರನ್ನು ನೆನೆದರೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ಈ ಬಗೆಯ ಪತ್ರಿಕೆಗಳನ್ನು ನಡೆಸಿದವರಲ್ಲಿ ಮಹಿಳೆಯರದೇ ದೊಡ್ಡ ಪಾಲು.

ಅವರು ಚರ್ಚಿಸಿದ ವಿಷಯಗಳಾದರೂ ಎಂಥವು! ಒಂದನ್ನು ಹೇಳುತ್ತೇನೆ. 1967ರ ಏಪ್ರಿಲ್ 6ರಂದು ಪ್ರಸಾರವಾದ ‘ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಕಂತು ಎಲ್ಲಕ್ಕಿಂತ ಶ್ರೇಷ್ಠವೆಂಬುದು ಹಲವರ ಮತ. ಅದನ್ನು ಬರೆದ ಹಾರ್ಲನ್ ಎಲಿಸನ್ ಮಾತ್ರ ತಮ್ಮ ಬರವಣಿಗೆಯನ್ನು ತಿದ್ದಿ ಕೆಡಿಸಿದರೆಂದು ಜೀವನಪೂರ್ತಿ ಮುನಿಸಿಕೊಂಡಿದ್ದರು. ಅವರ ಮೂಲ ಪ್ರತಿಯಲ್ಲಿ ನೌಕೆಯ ಸಿಬ್ಬಂದಿಯೊಬ್ಬ ಮಾದಕವಸ್ತು ಮಾರುವವನಾಗಿದ್ದ. ತಮ್ಮ ಆದರ್ಶ ಭವಿಷ್ಯದಲ್ಲಿ ಅಂಥವನಿರಲಾರ ಎಂಬುದು ರಾಡನ್‌ಬೆರಿಯವರ ನಿಲುವು. ತಮಾಷೆಯೆಂದರೆ, ತಿದ್ದಿದ ಕಂತಿಗೆ ವಿಜ್ಞಾನ ಕಥೆಗಳ ಹ್ಯೂಗೋ ಪ್ರಶಸ್ತಿ ಬಂತು, ಎಲಿಸನ್ನರ ಮೂಲ ಪ್ರತಿಗೆ ಚಿತ್ರಲೇಖಕರ ಸಂಘದ ಪ್ರಶಸ್ತಿ ಬಂತು. ಭವಿಷ್ಯದ ಮನುಷ್ಯರೆಲ್ಲ ಸಜ್ಜನರೆಂಬುದು ಧಾರಾವಾಹಿಯ ಶಕ್ತಿಯೋ, ಸುಳ್ಳೋ? ಅಭಿಮಾನಿಗಳು ಇಂದಿಗೂ ಎರಡು ಪಂಗಡ. ನನ್ನನ್ನು ಕೇಳಿದರೆ, ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರ ನಡುವೆ ಕಳೆದ ನಾನು ಎಲಿಸನ್ನರ ಪಕ್ಷ.

ಇನ್ನು ಮುಖ್ಯ ಘಟನೆಗೆ ಬರುತ್ತೇನೆ. 1967ರ ಕೊನೆಯ ವೇಳೆಗೆ, ಎರಡನೆಯ ವರ್ಷದ ನಂತರ ಧಾರಾವಾಹಿ ನಿಲ್ಲುತ್ತದೆಂಬ ಸುದ್ದಿ ಹಬ್ಬಿತು. ಬಿಜೋ ಟ್ರಿಂಬಲ್ ಎಂಬಾಕೆ ಮತ್ತು ಆಕೆಯ ಪತಿ ಜಾನ್ ಪತ್ರ ಚಳವಳಿ ಆರಂಭಿಸಿದರು. ಪ್ರತಿಯೊಬ್ಬರೂ ಹತ್ತು ಮಂದಿಗೆ ಹೇಳಬೇಕು, ಆ ಹತ್ತು ಮಂದಿ ಮತ್ತೆ ಹತ್ತತ್ತು ಮಂದಿಗೆ. ಪತ್ರ ಸಭ್ಯವಾಗಿರಬೇಕು, ಓದುವಂತಿರಬೇಕು. 1968ರ ಜನವರಿಯಲ್ಲಿ ಕ್ಯಾಲ್‌ಟೆಕ್ ವಿದ್ಯಾರ್ಥಿಗಳೂ ಇತರರೂ ನೂರಾರು ಸಂಖ್ಯೆಯಲ್ಲಿ ಬರ್ಬ್ಯಾಂಕ್‌ನ ಎನ್‌ಬಿಸಿ ಕಚೇರಿಗೆ ಪಂಜಿನ ಮೆರವಣಿಗೆ ಹೊರಟರು. ರಾಡನ್‌ಬೆರಿಯವರೇ ಹಿಂದಿನಿಂದ ನೆರವಾಗಿದ್ದರೆಂಬುದು ಆಮೇಲೆ ಬಯಲಾಯಿತು. ವಾಹಿನಿಗೆ ಲಕ್ಷಕ್ಕೂ ಮೀರಿ ಪತ್ರಗಳು ಬಂದವು. 1968ರ ಮಾರ್ಚ್ 1ರಂದು ಆ ವಾರದ ಕಂತು ಮುಗಿದೊಡನೆ, ಧಾರಾವಾಹಿ ಮುಂದುವರಿಯುತ್ತದೆ, ದಯವಿಟ್ಟು ಇನ್ನು ಪತ್ರ ಬರೆಯಬೇಡಿ ಎಂದು ವಾಹಿನಿಯೇ ಪ್ರಕಟಿಸಿತು. ಅದಕ್ಕೆ ಧನ್ಯವಾದ ಹೇಳಿ ಮತ್ತೊಂದು ರಾಶಿ ಪತ್ರ ಬಂತಂತೆ!

ಹೀಗೆ ಹೋರಾಡಿ ಪಡೆದ ಮೂರನೆಯ ವರ್ಷ ಹೇಗಿತ್ತು? ಮೊದಲು ಸೋಮವಾರ ಸಂಜೆಯ ಒಳ್ಳೆಯ ಹೊತ್ತು ಕೊಡುವುದಾಗಿ ಹೇಳಿದ್ದ ವಾಹಿನಿ, ಕಡೆಗೆ ಶುಕ್ರವಾರ ರಾತ್ರಿ 10 ಗಂಟೆಗೆ ತಳ್ಳಿತು. ಧಾರಾವಾಹಿಯ ಪ್ರೇಕ್ಷಕರಾದ ಯುವಜನರು ಆ ಹೊತ್ತಿನಲ್ಲಿ ಮನೆಯಲ್ಲಿರುವುದೇ ಅಪರೂಪ. ರಾಡನ್‌ಬೆರಿ ಬೇಸತ್ತು ದೈನಂದಿನ ಮೇಲ್ವಿಚಾರಣೆಯಿಂದ ಹಿಂದೆ ಸರಿದರು. ಫ್ರೆಡ್ ಫ್ರೈಬರ್ಗರ್ ನಿರ್ಮಾಪಕರಾದರು. ಹಣವನ್ನೂ ಕಡಿತ ಮಾಡಲಾಯಿತು. 1968ರ ಸೆಪ್ಟೆಂಬರ್ 20ರಂದು, ಕಾದು ಕುಳಿತಿದ್ದ ಅಭಿಮಾನಿಗಳ ಮುಂದೆ ಬಂದ ಮೊದಲ ಕಂತು ‘ಸ್ಪಾಕ್ಸ್ ಬ್ರೇನ್’. ಯಾವುದೋ ಲೋಕದ ಸ್ತ್ರೀಯರು ಸ್ಪಾಕ್‌ನ ಮಿದುಳನ್ನೇ ಕದ್ದೊಯ್ಯುತ್ತಾರೆ. ಮಿದುಳಿಲ್ಲದ ಸ್ಪಾಕ್‌ನನ್ನು ಗುಂಡಿ ಒತ್ತಿ ನಡೆಸಿಕೊಂಡು ಗೆಳೆಯರು ಹುಡುಕಲು ಹೊರಡುತ್ತಾರೆ. ಆ ಲೋಕದಲ್ಲಿ ‘ಟೀಚರ್’ ಎಂಬ ಯಂತ್ರವಿದೆ. ತಲೆಗೆ ತೊಟ್ಟರೆ ಸಕಲ ವಿದ್ಯೆಯೂ ಬರುತ್ತದೆ, ಆದರೆ ಕೆಲವೇ ಹೊತ್ತು. ವೈದ್ಯ ಮೆಕಾಯ್ ಮಿದುಳನ್ನು ಮರಳಿ ಜೋಡಿಸುತ್ತಿರುವಾಗಲೇ ಕಲಿತದ್ದು ಮರೆಯತೊಡಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುತ್ತಿದ್ದ ನನ್ನ ಕೆಲವು ಶಿಷ್ಯರು ಇದನ್ನು ಓದಿ ಮುಗುಳ್ನಗಬಹುದು. ಒಟ್ಟಿನಲ್ಲಿ ಧಾರಾವಾಹಿಯ ಅತ್ಯಂತ ಕಳಪೆ ಕಂತು ಯಾವುದೆಂಬ ಪ್ರಶ್ನೆ ಎದ್ದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಇದೇ.

ಇದಕ್ಕಾಗಿಯೇ ನಾವು ಬರೆದೆವೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಗೌರವದಿಂದ ಮುಗಿಯಬಹುದಾಗಿದ್ದನ್ನು ಅವಮಾನಕ್ಕೆ ಎಳೆದೆವೆಂದು ಕೆಲವರು. ಇಲ್ಲ, ಬಡತನದಲ್ಲೂ ಒಳ್ಳೆಯದು ಹುಟ್ಟಿತೆಂದು ಕೆಲವರು. ಎರಡನೆಯವರು ತೋರಿಸುತ್ತಿದ್ದ ಉದಾಹರಣೆ ‘ಸ್ಪೆಕ್ಟರ್ ಆಫ್ ದ ಗನ್’. ಪೂರ್ತಿ ಊರನ್ನು ಕಟ್ಟಲು ದುಡ್ಡಿಲ್ಲದೆ, ಕೆಂಪು ಆಕಾಶದ ಕೆಳಗೆ ಕಟ್ಟಡಗಳ ಮುಂಭಾಗಗಳನ್ನು ಮಾತ್ರ ನಿಲ್ಲಿಸಿದ್ದರು. ಆದರೆ ಆ ಅರೆಬರೆ ಊರೇ ಕೆಟ್ಟ ಕನಸಿನಂಥ ಭಯ ಹುಟ್ಟಿಸುತ್ತದೆ. ನಮ್ಮ ಬಯಲಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಬರಿಯ ಒಂದು ಪೀಠವೇ ಅರಮನೆ. ಕಪ್ಪು-ಬಿಳುಪು ಸಮನಾಗಿ ಮೈಯಲ್ಲಿರುವ ಇಬ್ಬರು, ಬಣ್ಣ ಯಾವ ಪಕ್ಕದಲ್ಲಿದೆ ಎಂಬುದಕ್ಕಾಗಿಯೇ ದ್ವೇಷಿಸುವ 1969ರ ಜನವರಿಯ ಕಂತನ್ನು ಕೆಲವರು ಧೀರವೆಂದರು, ಕೆಲವರು ನೀತಿಪಾಠದ ಕೋಲೆತ್ತಿದ ಹಾಗಿದೆ ಎಂದರು. ಎರಡೂ ನಿಜವೆಂದು ನನಗೆ ತೋರುತ್ತದೆ.

ಸ್ತ್ರೀಯರ ವಿಷಯದಲ್ಲಂತೂ ವಾದ ಖಾರವಾಗಿಯೇ ಇತ್ತು. ನಿಶೆಲ್ ನಿಕಲ್ಸ್ ಎಂಬ ಕಪ್ಪು ನಟಿ ನೌಕೆಯ ಅಧಿಕಾರಿಣಿ ಉಹುರಾ ಆಗಿ ಕುಳಿತದ್ದು ಆ ಕಾಲಕ್ಕೆ ದೊಡ್ಡ ಮಾತು. ಆಕೆ ಬಿಟ್ಟುಹೋಗಲು ಯೋಚಿಸಿದಾಗ ಮಾರ್ಟಿನ್ ಲೂಥರ್ ಕಿಂಗ್ ಅವರೇ ಬೇಡವೆಂದು ಒತ್ತಾಯಿಸಿದರೆಂದು ಆಕೆ ಹಲವು ಬಾರಿ ಹೇಳಿದ್ದಾರೆ. ಆದರೆ ಅಲ್ಲಿ ಕುಳಿತು ಆಕೆಗೆ ಹೇಳಲು ಸಿಗುತ್ತಿದ್ದ ಮಾತುಗಳೆಷ್ಟು? 1969ರ ಜೂನ್ 3ರಂದು ಬಂದ ಕಡೆಯ ಕಂತಿನಲ್ಲಿ, ನೌಕಾಧಿಪತ್ಯ ಸ್ತ್ರೀಯರಿಗಿಲ್ಲವೆಂಬರ್ಥದ ಮಾತು ಬರುತ್ತದೆ. ಅದು ಬುದ್ಧಿ ಕದಡಿದ ಪಾತ್ರವೊಂದರ ಅಳಲಷ್ಟೇ ಎಂದು ಕೆಲವರು ಸಮರ್ಥಿಸಿದರು. ಪತ್ರಿಕೆ ನಡೆಸುತ್ತಿದ್ದ ಹೆಂಗಸರಲ್ಲಿ ಹಲವರು ಒಪ್ಪಲಿಲ್ಲ. ಭಾರತೀಯನಾದ ನನ್ನದೂ ಒಂದು ತಕರಾರಿದೆ: ‘ಸ್ಪೇಸ್ ಸೀಡ್’ ಕಂತಿನ ಖಳನಾಯಕ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದ ಸಿಖ್ಖನಿರಬಹುದಂತೆ. ಮುಖ ಮೆಕ್ಸಿಕೋ ಮೂಲದ ನಟ ರಿಕಾರ್ಡೊ ಮೊಂಟಾಲ್ಬಾನ್ ಅವರದು. ಹೆಸರೋ, ಮೂರು ಊರಿನ ಸಂತೆ! ನಟನೆ ಮಾತ್ರ ಅದ್ಭುತ. ಮಗ ತಂದುಕೊಟ್ಟ ಡಿವಿಡಿಯಲ್ಲಿ ಅದನ್ನು ಎರಡು ಸಲ ನೋಡಿದ್ದೇನೆ.

ಈಗ ಲೆಕ್ಕವೊಂದನ್ನು ನೋಡಿ. ಮೊದಲ ವರ್ಷ 29 ಕಂತು, ಎರಡನೆಯ ವರ್ಷ 26, ಮೂರನೆಯ ವರ್ಷ 24, ಒಟ್ಟು 79. ಮೂಲ ಪ್ರಸಾರ ನಿಂತ ಮೇಲೆ ಊರೂರಿನ ಸ್ಥಳೀಯ ಕೇಂದ್ರಗಳು ಹಳೆಯ ಧಾರಾವಾಹಿಗಳನ್ನು ಕೊಂಡು ವಾರಕ್ಕೆ ಐದು ದಿನ ಮರುಪ್ರಸಾರ ಮಾಡುತ್ತಿದ್ದವು. 55 ಕಂತುಗಳಿದ್ದರೆ ಹನ್ನೊಂದೇ ವಾರಕ್ಕೆ ಸರಕು ಖಾಲಿ. 79 ಇದ್ದುದರಿಂದ ಸುಮಾರು ನಾಲ್ಕು ತಿಂಗಳು ಸಾಗುತ್ತಿತ್ತು. ಕಳಪೆಯೆನಿಸಿದ ಆ 24 ಕಂತುಗಳು ಮರುಪ್ರಸಾರದ ವ್ಯಾಪಾರಕ್ಕೆ ತೂಕ ತುಂಬಿದವು. ಸಂಜೆ ಶಾಲೆಯಿಂದ ಬಂದ ಮಕ್ಕಳು ನೋಡಿದರು. ಮೊದಲ ಬಾರಿಗಿಂತ ಹೆಚ್ಚು ಜನ ಆಗ ಅಭಿಮಾನಿಗಳಾದರು. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅಭಿಮಾನಿಗಳ ಸಮ್ಮೇಳನ ಏರ್ಪಟ್ಟಾಗ ಕೆಲವು ನೂರು ಮಂದಿಯ ನಿರೀಕ್ಷೆಯಿತ್ತು. ಬಂದವರು ಮೂರು ಸಾವಿರಕ್ಕೂ ಹೆಚ್ಚು. ಅಸಿಮೋವರೂ ಬಂದಿದ್ದರು.

ಜನ ಹೆಚ್ಚಿದಂತೆ ವಿಮರ್ಶೆಯೂ ಹರಿತವಾಯಿತು. ಧಾರಾವಾಹಿಗೆ ಕಥೆ ಬರೆದಿದ್ದ ಡೇವಿಡ್ ಜೆರಾಲ್ಡ್ 1973ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ, ನೌಕೆಯ ನಾಯಕನೇ ಪ್ರತಿ ವಾರ ಅಪಾಯಕ್ಕೆ ಧುಮುಕುವುದು ಅಸಂಬದ್ಧವೆಂದು ವಾದಿಸಿದರು. ನಮ್ಮ ಮಾವನವರ ಪ್ರಶ್ನೆಯೇ! 1987ರಲ್ಲಿ ಹೊಸ ಧಾರಾವಾಹಿ ಆರಂಭವಾದಾಗ ಇಳಿದುಹೋಗುವ ತಂಡದ ಮುಖಂಡತ್ವ ಉಪನಾಯಕನಿಗೆ ಬಂತು. ಅಭಿಮಾನಿಗಳು ತಮ್ಮನ್ನೂ ಬಿಡಲಿಲ್ಲ. ತಾವೇ ಬರೆಯುವ ಕಥೆಗಳಲ್ಲಿ ಹದಿಹರೆಯದ ಸರ್ವಗುಣಸಂಪನ್ನೆಯೊಬ್ಬಳು ಬಂದು ಎಲ್ಲರನ್ನೂ ಉದ್ಧರಿಸುವುದನ್ನು ಕಂಡು ಪೌಲಾ ಸ್ಮಿತ್ ಎಂಬಾಕೆ 1973ರಲ್ಲಿ ಅಣಕುಕಥೆ ಬರೆದರು. ಅದರ ನಾಯಕಿ ‘ಮೇರಿ ಸ್ಯೂ’ ಎಂಬ ಹೆಸರು ಇಂದು ಇಂಗ್ಲಿಷ್ ವಿಮರ್ಶೆಯ ಪರಿಭಾಷೆಯೇ ಆಗಿದೆ. ಕೆಂಪಂಗಿಯ ಸಿಬ್ಬಂದಿ ಗ್ರಹಕ್ಕಿಳಿದರೆ ಸತ್ತಂತೆಯೇ ಎಂಬುದೂ ಅವರದೇ ಪ್ರಸಿದ್ಧ ಹಾಸ್ಯ. ನಮಗೆ ಆ ಸುಖ ಸಿಕ್ಕಲಿಲ್ಲ. ಮಾವನವರ ಪೆಟ್ಟಿಗೆಯಲ್ಲಿ ಎಲ್ಲರ ಅಂಗಿಯೂ ಬೂದುಬಣ್ಣದ್ದೇ ಆದ್ದರಿಂದ ಯಾರು ಸಾಯುತ್ತಾರೆಂದು ಮೊದಲೇ ತಿಳಿಯುತ್ತಿರಲಿಲ್ಲ.

ನನ್ನ ಶಿಷ್ಯರಿಗೆ ಇಷ್ಟನ್ನೂ ಅಂದು ಹೇಳಲಾಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಹೇಳಿದ್ದು ಮಾವನವರ ಮನೆಯ ಒಂದು ಭಾನುವಾರದ ಸಂಗತಿಯನ್ನು ಮಾತ್ರ. ಕಂತು ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ ಕರೆಂಟು ಹೋಯಿತು. ಮಾವನವರು ಎದ್ದು ಜಗಲಿಗೆ ಹೋಗಿ, ಬಂದು, ಮತ್ತೆ ಹೋಗಿ, ಕೊನೆಗೆ ನನ್ನನ್ನು ಕರೆದು, “ನೀನು ಮೇಷ್ಟ್ರಾಗೋನಲ್ವೇನೋ, ಕೊನೆ ಏನಾಗಿರಬಹುದು ಹೇಳು” ಎಂದು ಕೂರಿಸಿಕೊಂಡರು. ನನಗೆ ತೋಚಿದಂತೆ ಒಂದು ಮುಕ್ತಾಯ ಕಟ್ಟಿ ಹೇಳಿದೆ. ಪೂರ್ತಿ ಕೇಳಿ, ಅದರಲ್ಲಿ ನಾಲ್ಕು ತಪ್ಪು ತೋರಿಸಿ, “ಇನ್ನೊಂದು ಸಲ ಹೇಳು” ಎಂದರು.